ಜ್ವರವಿಲ್ಲದ ರಜಾ ಅರ್ಜಿ

ಹದಿನಾರು ವರ್ಷಗಳಿಂದ ನಾನು ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಿದ್ದೇನೆಂದು ಸರ್ಕಾರ ನಂಬಿಕೊಂಡಿದೆ. ನಿಜ ಹೇಳಿಬಿಡುತ್ತೇನೆ, ನಾನು ಕಲಿಸಿದ್ದು ಜ್ವರ ಮಾತ್ರ. ಹಳಿಯಾಳದ ಕಡೆ, ಕಬ್ಬಿನ ಹೊಲಗಳ ನಡುವಿನ ನಮ್ಮ ಹೈಸ್ಕೂಲಿನಲ್ಲಿ ಹೆಡ್ ಮಾಸ್ತರರದೊಂದು ಕಾನೂನಿದೆ. ಅವರ ಕೋಣೆಗೆ ಬಂದು ಏನು ಕೇಳಿದರೂ ಇಂಗ್ಲಿಷಿನಲ್ಲೇ ಕೇಳಬೇಕು. ಇಂಗ್ಲಿಷಿನಲ್ಲಿ ಕೇಳಿದವರಿಗೆ ಅವರು ಇಲ್ಲ ಅನ್ನುವುದಿಲ್ಲ. ನಮ್ಮ ಮಕ್ಕಳೇನು ದಡ್ಡರೇ? ನಾನು ಬಾಯಿಪಾಠ ಮಾಡಿಸಿದ ರಜಾ ಅರ್ಜಿಯಿಂದ 'ಐ ಆ್ಯಮ್ ಸಫರಿಂಗ್ ಫ್ರಮ್ ಫೀವರ್' ಎಂಬ ಒಂದೇ ವಾಕ್ಯ ಹಿಡಿದುಕೊಂಡು ಅಕ್ಕನ ಮದುವೆಗೂ ಹೋಗುತ್ತಾರೆ, ಎಮ್ಮೆ ಈದರೂ ಹೋಗುತ್ತಾರೆ. ಒಬ್ಬಳಂತೂ ನೀರು ಕುಡಿದು ಬರಲೂ ಜ್ವರವನ್ನೇ ಹೇಳಿದಳು. ಹೆಡ್ ಮಾಸ್ತರರು ಸಂತೋಷದಿಂದ ಕಳಿಸಿದರು.

'ಬೇರೆ ಏನಾದರೂ ಕಲಿಸಬಾರದಿತ್ತೇ?' ಎನ್ನುವವರು ಒಂದು ದಿನ ನನ್ನ ಕುರ್ಚಿಯಲ್ಲಿ ಕೂತು ನೋಡಲಿ. ಕೂರಲು ಪುರುಸೊತ್ತು ಸಿಕ್ಕರೆ ತಾನೇ! ಬಿಸಿಯೂಟದ ಮೊಟ್ಟೆ ಸುಲಿಸಬೇಕು, ಮೊಬೈಲಿನಲ್ಲಿ ಹಾಜರಿ ತುಂಬಬೇಕು, ಸಮೀಕ್ಷೆ ಬಂದರೆ ಮನೆಮನೆ ತಿರುಗಬೇಕು. ಈ ಸಂದಿಯಲ್ಲೇ ಒಮ್ಮೆ ನನಗೆ ಹಟ ಹುಟ್ಟಿತು. ಧಾರವಾಡದ ಹಳೇ ಪುಸ್ತಕದಂಗಡಿಯಿಂದ ತಂದ ಇಂಗ್ಲಿಷ್ ಕಾದಂಬರಿಯೊಂದು ಮನೆಯಲ್ಲಿತ್ತು. ಹರೆಯದ ಮಕ್ಕಳಿಗಾಗಿಯೇ ಬರೆದದ್ದು. ಹದಿನೈದರ ಹುಡುಗಿಯೊಬ್ಬಳು ತಾಯಿಯೊಡನೆ ಜಗಳವಾಡಿ ಬಸ್ಸು ಹತ್ತುವ ಕತೆ. ಪುಸ್ತಕ ಒಂದು, ಒಂಬತ್ತನೇ ತರಗತಿಯ ಮಕ್ಕಳು ಮೂವತ್ತಾರು. ಒಂದು ಶನಿವಾರ ಅವರೆದುರೇ ಪುಸ್ತಕವನ್ನು ಪರ್ರನೆ ಹರಿದು ಹನ್ನೆರಡು ಅಧ್ಯಾಯ ಬೇರೆ ಮಾಡಿದೆ. ಮಕ್ಕಳು ಕೆನ್ನೆ ಕೆನ್ನೆ ಬಡಿದುಕೊಂಡರು. ಮೂವರಿಗೊಂದು ಅಧ್ಯಾಯ. ಓದಿಕೊಂಡು ಬಂದು, ಬಂದಷ್ಟು ಇಂಗ್ಲಿಷಿನಲ್ಲಿ, ಬಾರದಲ್ಲಿ ಕನ್ನಡ ಸೇರಿಸಿ, ಉಳಿದವರಿಗೆ ಕತೆ ಹೇಳಬೇಕು. ಶನಿವಾರಕ್ಕೆರಡು ಅಧ್ಯಾಯ, ಸರದಿ ಬರುವ ತನಕ ಯಾರೂ ಬಾಯಿ ಬಿಡುವಂತಿಲ್ಲ.

ಮೂರು ಶನಿವಾರ ಸುಸೂತ್ರವಾಗಿ ನಡೆಯಿತು. ನಾಲ್ಕನೆಯದಕ್ಕೆ ನಿಂಗವ್ವ ಏಳನೇ ಅಧ್ಯಾಯ ಹಿಡಿದು ಎದ್ದು ನಿಂತಳು. ಜ್ವರದ ವಾಕ್ಯವನ್ನೂ ಪೂರ್ತಿ ಹೇಳಲಾಗದೆ ವರ್ಷವಿಡೀ ರಜೆಯಿಲ್ಲದೆ ಶಾಲೆಗೆ ಬಂದ ಹುಡುಗಿ ಅವಳು. ಅಷ್ಟರಲ್ಲಿ ಬಾಗಿಲಲ್ಲಿ ಹೆಡ್ ಮಾಸ್ತರರು.

"ಸರಸ್ವತೀನ ಹರದ್ರೇನ್ರಿ ಟೀಚರ್!" ಎಂದು ಏಳನೇ ಅಧ್ಯಾಯವನ್ನು ಕಸಿದುಕೊಂಡರು. "ಬಂದ್ ಮಾಡ್ರಿ ಇದನ್ನ. ಶನಿವಾರ ಇನ್ನ ನೋಟ್ಸ್ ಬರಸ್ರಿ."

"ನಿಮ್ಮ ಕಪಾಟಿನ್ಯಾಗಿನ ಸರಸ್ವತಿಗೆ ದಸರಾದಾಗ ಖಂಡೆ ಪೂಜಿಗೊಮ್ಮೆ ಕುಂಕುಮ ಅಷ್ಟ ಐತ್ರಿ ಸರ್, ಓದಾವ್ರು ಒಬ್ರೂ ಇಲ್ಲ. ನಾ ಹರದದ್ದನ್ನ ಮೂವತ್ತಾರು ಮಂದಿ ಓದಾಕತ್ತಾರ," ಎಂದೆ. ಅವರು ಕೇಳಲಿಲ್ಲ. ಏಳನೇ ಅಧ್ಯಾಯ ಅದೇ ಕಪಾಟಿಗೆ ಹೋಯಿತು, ಬೀಗ ಬಿತ್ತು. ನನಗೆ ಅಳುವೇ ಬಂತು. ಇನ್ನು ಇವರೆಲ್ಲ ಮತ್ತೆ ಜ್ವರಕ್ಕೇ ಮರಳುತ್ತಾರಲ್ಲ ಎಂದು.

ಬಿಡುವಿನಲ್ಲಿ ನೋಡುತ್ತೇನೆ, ನಿಂಗವ್ವ ಹೆಡ್ ಮಾಸ್ತರರ ಮೇಜಿನ ಮುಂದೆ ನಿಂತಿದ್ದಾಳೆ. ನಾನು ಬಾಗಿಲ ಮರೆಯಲ್ಲಿ ನಿಂತೆ.

"ಫೀವರ್?" ಎಂದರು ಅವರು, ರೂಢಿಯಂತೆ.

"ನೋ ಫೀವರ್ ಸರ್. ಗಿವ್ ಸೆವೆನ್. ಗರ್ಲ್ ಇನ್ ಬಸ್. ಮದರ್ ಕ್ರೈಯಿಂಗ್. ಕ್ಲಾಸ್ ವೇಟಿಂಗ್."

"ಗ್ರಾಮರ್ ಎಲ್ಲೈತವಾ ಇದಕ?"

"ಯೆಸ್ ಸರ್. ಗಿವ್ ಸೆವೆನ್. ಗಿವ್ ಸ್ಯಾಟರ್ಡೇ ಆಲ್ಸೋ."

ಹೆಡ್ ಮಾಸ್ತರರು ಕಿಟಕಿ ನೋಡಿದರು, ಕ್ಯಾಲೆಂಡರ್ ನೋಡಿದರು. ತಾವೇ ಮಾಡಿದ ಕಾನೂನು, ಮುರಿಯುವುದು ಹೇಗೆ? ಕಪಾಟಿನ ಬೀಗ ತೆಗೆದರು. ಏಳನೇ ಅಧ್ಯಾಯವೂ ಬಂತು, ಶನಿವಾರವೂ ಬಂತು. ಆ ದಿನ ನಾನು ಬೀಗಿದ ಬೀಗುವಿಕೆ ಮಗಳ ಮದುವೆಯಲ್ಲಿ ಬೀಗಿತ್ತಿಯೂ ಬೀಗಲಾರಳು.

ಇಲ್ಲಿಗೆ ನಿಲ್ಲಿಸಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಕೊನೆಯ ಶನಿವಾರ ನಾನು ಸಮೀಕ್ಷೆಯ ಡ್ಯೂಟಿಯಲ್ಲಿದ್ದೆ. ಸೋಮವಾರ ನಿಂಗವ್ವ ತುಂಡುಗಳನ್ನೆಲ್ಲ ದಬ್ಬಣದಿಂದ ಹೊಲಿದು, ನೀಟಾಗಿ ರಟ್ಟು ಹಾಕಿ ತಂದುಕೊಟ್ಟಳು. "ಟೀಚರ್, ಕಡೀಕ ಆ ಹುಡುಗಿ ಮಾಡಿದ್ದು ನಿಮಗ ಸರಿ ಅನಸ್ತೇನ್ರಿ?" ಎಂದು ಕೇಳಿದಳು. ನಾನು ಗಡಬಡಿಸಿ ಕೊನೆಯ ಪುಟ ಹುಡುಕತೊಡಗಿದೆ. ಅವಳು ದನಿ ತಗ್ಗಿಸಿ ಕೇಳಿದಳು, "ನೀವು ಓದಿಲ್ಲೇನ್ರಿ?"

ಓದಿರಲಿಲ್ಲ. ಹರಿಯುವ ಮೊದಲು ಎರಡು ಅಧ್ಯಾಯ ಓದಿದ್ದೆ, ಅಷ್ಟೇ. ಮುಂದಿನದು ಮಕ್ಕಳ ಬಾಯಿಂದ ಕೇಳಿದ್ದು, ಕೊನೆಯದು ಅದೂ ಇಲ್ಲ.

ಅವತ್ತೇ ಒಂದು ದಿನದ ರಜೆಗೆ ಅರ್ಜಿ ಬರೆಯಲು ಕೂತೆ. ನೋಡಿದರೆ ಕೈ ತಾನಾಗಿ ಜ್ವರ ಎಂದು ಬರೆದುಬಿಟ್ಟಿದೆ! ಹರಿದೆ, ಹರಿಯುವುದು ಈಗ ರೂಢಿಯಾಗಿದೆಯಲ್ಲ. ಕಾದಂಬರಿ ಓದುವುದಿದೆ, ಆದ್ದರಿಂದ ರಜೆ ಬೇಕು ಎಂದು ಇದ್ದದ್ದು ಇದ್ದಹಾಗೆ ಬರೆದು ಹೆಡ್ ಮಾಸ್ತರರ ಮುಂದಿಟ್ಟೆ. ಅವರು ಎರಡೆರಡು ಸಲ ಓದಿದರು, ಹಾಳೆ ತಿರುಗಿಸಿ ಹಿಂಬದಿಯನ್ನೂ ನೋಡಿದರು.

"ಇದರಾಗ ಜ್ವರ ಎಲ್ಲೈತ್ರಿ ಟೀಚರ್?"

"ನೋ ಫೀವರ್ ಸರ್," ಎಂದೆ. ಎಂ.ಎ. ಮಾಡಿದ ನನ್ನ ಬಾಯಿಂದ ಅದಕ್ಕಿಂತ ಒಳ್ಳೆಯ ಇಂಗ್ಲಿಷ್ ಹೊರಡಲಿಲ್ಲ.