ಹಾಯಿಹಡಗಿಗೆ, ಸೂಕ್ತ ಮಾರ್ಗದ ಮೂಲಕ

ಇಂದ:
ತಿಪ್ಪೇಸ್ವಾಮಿ, ನಿವೃತ್ತ ದಫ್ತರಿ,
ಅಳಿಯನ ಸರ್ಕಾರಿ ಕ್ವಾರ್ಟರ್ಸು, ಬಾಲ್ಕನಿ ಕಡೆಯ ಕೋಣೆ,
ಆರ್.ಕೆ.ಪುರಂ, ಹೊಸದಿಲ್ಲಿ.

ಗೆ:
ಕ್ಯಾಪ್ಟನ್ ಮಹಂತೇಶ್ ಅವರು,
‘ಜಲಪದ್ಮ’ ಎಂಬ ಮೂರು ಕಂಬದ ಹಾಯಿಹಡಗು,
ಕೊಚ್ಚಿ ಬಂದರು.
(ತಮ್ಮ ಗುರುಗ್ರಾಮದ ಕಚೇರಿಯ ಮುಖಾಂತರ)

ಮಾರ್ಗ: ಅಳಿಯ, ಮಗಳು, ಹೆಂಡತಿ.

ವಿಷಯ: ಹಡಗಿನಲ್ಲಿ ಅತಿಥಿ ನಾವಿಕನಾಗಿ ಸೇರಿ ಹಗ್ಗ ಎಳೆಯಲು ಅನುಮತಿ ಕೋರುವ ಬಗ್ಗೆ, ಮತ್ತು ಅದರಿಂದ ಮನೆಯಲ್ಲಿ ಉಂಟಾದ ಪರಿಸ್ಥಿತಿಯ ಬಗ್ಗೆ.

ಉಲ್ಲೇಖ: 1. ಮೊಮ್ಮಗಳ ಮೊಬೈಲಿಗೆ ಬಂದ ತಮ್ಮ ಪ್ರಕಟಣೆ.
2. ತಮ್ಮ ಕಚೇರಿಯ ಮಯೂರಿ ಮೇಡಂ ಅವರೊಂದಿಗೆ ವಿಡಿಯೋದಲ್ಲಿ ಆದ ಮಾತುಕತೆ.
3. ಶ್ರೀಮತಿ ರತ್ನಮ್ಮನವರ ಮೌಖಿಕ ಆದೇಶ, ಅಡುಗೆಮನೆ, ಕಳೆದ ಭಾನುವಾರ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಅರ್ಜಿದಾರನಾದ ತಿಪ್ಪೇಸ್ವಾಮಿಯು ಚಿತ್ರದುರ್ಗ ಸೀಮೆಯಲ್ಲಿ ಹುಟ್ಟಿ, ನಾಲ್ಕನೇ ಕ್ಲಾಸು ಓದಿ, ದಿಲ್ಲಿಯಲ್ಲಿ ಕೂದಲು ಉದುರಿಸಿಕೊಂಡವನಾಗಿದ್ದು, ತಾವು ಬಾಗಲಕೋಟೆ ಕಡೆಯವರೆಂದು ಮೊಮ್ಮಗಳು ಹುಡುಕಿ ತಿಳಿಸಿದ ಕಾರಣ ಈ ಅರ್ಜಿಯನ್ನು ಕನ್ನಡದಲ್ಲೇ ಸಲ್ಲಿಸಲು ಧೈರ್ಯ ಮಾಡಿರುತ್ತಾನೆ. ಸಂಗತಿಗಳನ್ನು ತಮ್ಮ ಅವಗಾಹನೆಗೆ ಕೆಳಗೆ ಮಂಡಿಸಿದೆ.

1. ಅರ್ಜಿದಾರನು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ದಫ್ತರಿಯಾಗಿದ್ದನು. ದಫ್ತರಿ ಎಂದರೆ ಕಡತ ಹೊಲಿಯುವವನು, ಕಟ್ಟುವವನು, ಹೊರುವವನು. ಕಡತ ಕಾಣೆಯಾದರೆ ಬೈಸಿಕೊಳ್ಳುವವನೂ ಅವನೇ. ಅವನ ಪಾಲಿಗೆ ಬಂದದ್ದು ಹಡಗುಗಳ ಸೆಕ್ಷನ್. ಕಟ್ಟಿದ ಹಡಗು, ಕೆಟ್ಟ ಹಡಗು, ಮುಳುಗಿದ ಹಡಗು, ಗುಜರಿಗೆ ಹೋದ ಹಡಗು, ಎಲ್ಲವೂ ಅವನ ಹೆಗಲೇರಿ ಮಹಡಿಯಿಂದ ಮಹಡಿಗೆ ಸಂಚರಿಸಿವೆ. ತೇಲುವ ಹಡಗಿಗಿಂತ ಮುಳುಗಿದ ಹಡಗೇ ಭಾರ ಎಂಬುದು ಅವನ ಅನುಭವ. ಅದರ ಕಡತ ಸಂಪುಟದ ಮೇಲೆ ಸಂಪುಟ ಬೆಳೆಯುತ್ತದೆ. ಆದರೆ ಹಡಗು ಹೇಗಿರುತ್ತದೆಂದು ಅವನು ನೋಡಿಲ್ಲ. ಸೆಕ್ಷನ್ನಿನಲ್ಲಿ ನೋಡಿದವರು ಯಾರೂ ಇದ್ದಂತಿರಲಿಲ್ಲ. ಒಮ್ಮೆ ಸಾಹೇಬರು ಬಂದರಿನ ತಪಾಸಣೆಗೆ ಹೊರಟಾಗ ಅರ್ಜಿದಾರನು ಕಡತಗಳನ್ನು ಟ್ರಂಕಿಗೆ ತುಂಬಿ, ಹಗ್ಗ ಬಿಗಿದು, ರೈಲಿಗೆ ಹತ್ತಿಸಿದನು. ಟ್ರಂಕು ಸಮುದ್ರಕ್ಕೆ ಹೋಯಿತು. ಅರ್ಜಿದಾರನು ಪ್ಲಾಟ್‌ಫಾರ್ಮಿನಲ್ಲಿ ಒಂದು ಟೀ ಕುಡಿದು ವಾಪಸಾದನು. ಆ ಟ್ರಂಕಿನ ಮೇಲೆ ಅವನಿಗೆ ಇಂದಿಗೂ ಸ್ವಲ್ಪ ಹೊಟ್ಟೆಕಿಚ್ಚು ಉಳಿದಿದೆ.

2. ಹೀಗಿರಲಾಗಿ, ಗುರುಗ್ರಾಮದಲ್ಲಿ ಕೆಲಸಕ್ಕಿರುವ ಮೊಮ್ಮಗಳು ಅಮೂಲ್ಯ ಊಟದ ಹೊತ್ತಿನಲ್ಲಿ ತಮ್ಮ ಪ್ರಕಟಣೆ ತೋರಿಸಿದಳು. ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹೋಗಿಬರುವ ಹಡಗಿನಲ್ಲಿ ಅತಿಥಿಗಳೇ ಹಗ್ಗ ಎಳೆಯಬೇಕು, ಹಾಯಿ ಬಿಚ್ಚಬೇಕು, ನೆಲ ಉಜ್ಜಬೇಕು, ಕಂಬ ಹತ್ತಬೇಕು, ಕಾವಲು ನಿಲ್ಲಬೇಕು; ಮೇಲಾಗಿ ಹಣವನ್ನೂ ಅವರೇ ಕೊಡಬೇಕು. ಇದನ್ನು ಕೇಳಿ ಅಳಿಯಂದಿರಾದ ಶ್ರೀ ಚಿದಂಬರ ಅವರು ನಕ್ಕು, ದುಡಿದದ್ದೂ ಅಲ್ಲದೆ ದುಡ್ಡೂ ಕೊಡುವುದು ಯಾವ ಸರ್ವಿಸ್ ರೂಲಿನಲ್ಲಿದೆ ಎಂದರು. ಅರ್ಜಿದಾರನು ನಗಲಿಲ್ಲ. ಅನುಭವ ಬೇಕಿಲ್ಲ, ವಯಸ್ಸಿಗೆ ಮೇಲ್ಮಿತಿಯಿಲ್ಲ ಎಂಬ ಸಾಲನ್ನು ಕೈ ತೊಳೆದು ಬಂದು ಮತ್ತೊಮ್ಮೆ ಓದಿಸಿದನು.

ಆಗ ಮೊಮ್ಮಗಳು ಹೇಳಿದ್ದು: “ತಾತ, ಬರೀ ಏಕ್ ಕ್ಲಿಕ್ ಹೈ. ಒಂದೇ ಸೀಟ್ ಉಳಿದಿದೆ, ಈ ತಿಂಗಳ ಕೊನೇ ಫ್ರೈಡೇ ತಕ್ ಟೈಮ್. ಒತ್ತಿಬಿಡ್ಲಾ?”

ಅರ್ಜಿದಾರನು ಅವಳ ಕೈ ತಡೆದನು. ಸರ್ಕಾರದ ಅನ್ನ ತಿಂದವನು ಹೊರಗಿನ ಅಧಿಕಾರಿಗೆ ನೇರವಾಗಿ ಅರ್ಜಿ ಹಾಕುವಂತಿಲ್ಲ. ಸೂಕ್ತ ಮಾರ್ಗದಲ್ಲೇ ಹೋಗಬೇಕು. ನಿವೃತ್ತನಿಗೆ ಆ ನಿಯಮವಿಲ್ಲವೆಂದು ಮನೆಯವರೆಲ್ಲ ಹೇಳಿದರು. ನಿಯಮ ಬಿಟ್ಟಿರಬಹುದು, ಅಭ್ಯಾಸ ಬಿಟ್ಟಿಲ್ಲ.

3. ಆದಕಾರಣ ಕರಡು ಸಿದ್ಧವಾಗಿ, ರಟ್ಟಿನ ಕವರಿನಲ್ಲಿ ಕೂತು, ಕೆಂಪು ಲಾಡಿ ಕಟ್ಟಿಸಿಕೊಂಡು, ಮೊದಲು ಅಳಿಯಂದಿರ ಮುಂದೆ ಹೋಯಿತು. ಅವರು ಸೆಕ್ಷನ್ ಆಫೀಸರು. ಅಂಚಿನಲ್ಲಿ ‘ಚರ್ಚಿಸಿ’ ಎಂದು ಬರೆದರು. ತಮಗೆ ತಿಳಿದಿರುವಂತೆ, ಕಡತದಲ್ಲಿ ‘ಚರ್ಚಿಸಿ’ ಎಂದು ಬಂದರೆ ಯಾರೂ ಮಾತಾಡಬಾರದು. ಇಬ್ಬರೂ ಸೋಫಾದ ಎರಡು ತುದಿಯಲ್ಲಿ ಕೂತು ಟಿವಿ ವಾರ್ತೆ ಮುಗಿಯುವವರೆಗೆ ಚರ್ಚಿಸಿದರು. ಆಮೇಲೆ ಅವರು, ‘ಮನೆಯ ಹಿರಿಯರ ಅಭಿಪ್ರಾಯ ಪಡೆದು, ಪೂರ್ವನಿದರ್ಶನವಿದ್ದರೆ ಲಗತ್ತಿಸಿ ಮಂಡಿಸುವುದು’ ಎಂದು ಬರೆದರು. ಮನೆಯ ಹಿರಿಯ ಅರ್ಜಿದಾರನೇ. ಆದ್ದರಿಂದ ಅವನು ಕಡತವನ್ನು ತನಗೇ ಕಳಿಸಿಕೊಂಡು, ಗೌರವಕ್ಕೆಂದು ಒಂದು ದಿನ ತಡ ಮಾಡಿ, ‘ಆಕ್ಷೇಪಣೆ ಇಲ್ಲ’ ಎಂದು ಬರೆದು ಮುಂದಕ್ಕೆ ದಾಟಿಸಿದನು. ಮಗಳು ಹರಿಣಿ ‘ಆರೋಗ್ಯ?’ ಎಂಬ ಒಂದೇ ಪದ ಬರೆದಳು.

4. ಆರೋಗ್ಯದ ಬಗ್ಗೆ ಮರೆಮಾಚದೆ ತಿಳಿಸುವುದೇನೆಂದರೆ: ಡಿಸ್ಪೆನ್ಸರಿಯ ಡಾಕ್ಟರು ಎದೆಗೆ ಯಂತ್ರ ಇಟ್ಟು, ಒಂಟಿಕಾಲಲ್ಲಿ ನಿಲ್ಲಿಸಿ, ಗೋಡೆ ಹಿಡಿಯದಿದ್ದರೆ ಚೆನ್ನಾಗಿತ್ತು ಎಂದರು. ಹಡಗಿಗೆ ಯೋಗ್ಯ ಎಂದು ಬರೆದುಕೊಡಲು ತಮ್ಮಲ್ಲಿ ನಮೂನೆಯಿಲ್ಲ ಎಂದರು. ಆದ್ದರಿಂದ ಪಿಂಚಣಿಗಾಗಿ ಪಡೆದ, ಅರ್ಜಿದಾರನು ಜೀವಂತವಿದ್ದಾನೆಂಬ ಪ್ರಮಾಣಪತ್ರವನ್ನೇ ಲಗತ್ತಿಸಿದೆ. ಅದು ಕಳೆದ ನವೆಂಬರಿನದು. ಆಮೇಲೆ ಈ ವಿಷಯದಲ್ಲಿ ಬದಲಾವಣೆ ಆಗಿಲ್ಲ.

ಸಮುದ್ರದ ವಾಂತಿಯ ಪರೀಕ್ಷೆಗೆ ಮೊಮ್ಮಗಳು ಅವನನ್ನು ಕೆರೆಯೊಂದರ ಪೆಡಲ್ ಬೋಟಿಗೆ ಕರೆದೊಯ್ದಳು. ಬೋಟಿನ ಭಯ್ಯಾ ಇಬ್ಬರಿಗೂ ಕಿತ್ತಳೆ ಬಣ್ಣದ ತೇಲುವ ಅಂಗಿ ಕಟ್ಟಿದನು. ಅರ್ಜಿದಾರನಿಗೆ ಏನೂ ಆಗಲಿಲ್ಲ. ಮೊಮ್ಮಗಳಿಗೆ ವಾಂತಿಯಾಯಿತು. ಈಜು ಬರುವುದಿಲ್ಲ. ನೀರಿನೊಂದಿಗಿನ ಪರಿಚಯ, ಮೆಟ್ರೋದಲ್ಲಿ ಕೂತು ಯಮುನೆಯನ್ನು ದಾಟುವಾಗ ಮೂಗು ಮುಚ್ಚಿಕೊಂಡೇ ಕೈ ಮುಗಿಯುವಷ್ಟು. ಗೊರಕೆ ಇದೆ.

ಮಯೂರಿ ಮೇಡಂ ವಿಡಿಯೋದಲ್ಲಿ, ಅಂಕಲ್ ಹಗ್ಗದ ಅಭ್ಯಾಸ ಇದೆಯೇ ಎಂದು ಕೇಳಿದರು. ಅರ್ಜಿದಾರನಿಗೆ ಬರುವುದು ಒಂದೇ ಗಂಟು, ಕಡತದ್ದು. ತುದಿ ಹಿಡಿದೆಳೆದರೆ ಸಾಹೇಬರಿಗೆ ಕಷ್ಟವಾಗದಂತೆ ಫಕ್ಕನೆ ಬಿಚ್ಚಿಕೊಳ್ಳುತ್ತದೆ. ಅದನ್ನು ಮಾಡಿ ತೋರಿಸಿದಾಗ ಅವರು, ಹಡಗಿನಲ್ಲಿ ಈ ಗಂಟನ್ನು ದಯವಿಟ್ಟು ಎಲ್ಲಿಯೂ ಹಾಕಬೇಡಿ ಎಂದು ಕೇಳಿಕೊಂಡರು. ಒಪ್ಪಿದೆ.

5. ಇಷ್ಟೆಲ್ಲ ಆಗಿ ಕಡತವು ಧರ್ಮಪತ್ನಿ ಶ್ರೀಮತಿ ರತ್ನಮ್ಮನವರ ಅಭಿಪ್ರಾಯಕ್ಕೆಂದು ಅಡುಗೆಮನೆಯ ಕಟ್ಟೆಯನ್ನು ತಲುಪಿತು. ಅವರು ಅದನ್ನು ಎತ್ತಿ ಫ್ರಿಜ್ಜಿನ ಮೇಲಿಟ್ಟು, ಅದರ ಮೇಲೆ ದೊಡ್ಡ ಕುಕ್ಕರ್ ಇಟ್ಟರು. ಕಡತ ಅಲ್ಲೇ ನಿಂತಿತು.

ಇಲ್ಲಿ ಒಂದು ಮಾತು ಸ್ಪಷ್ಟಪಡಿಸಬೇಕು. ಕಡತ ಎಲ್ಲಿಯಾದರೂ ಮಲಗಿದರೆ, ಯಾಕೆ ಮಲಗಿದೆ ಎಂದು ದಫ್ತರಿಯಾದವನು ಕೇಳುವಂತಿಲ್ಲ. ಕೇಳಿದವನನ್ನು ಎಲ್ಲಿಗೆ ವರ್ಗ ಮಾಡುತ್ತಾರೆಂಬುದು ಅರ್ಜಿದಾರನಿಗೆ ನೆನಪಿದೆ. ದಫ್ತರಿ ಮಾಡಬಹುದಾದದ್ದು ಒಂದೇ: ಅದರ ಧೂಳು ಒರೆಸುವುದು. ಒರೆಸುವುದನ್ನು ಸಾಹೇಬರು ನೋಡುತ್ತಾರೆ. ನೋಡಿದರೆ ಒಂದಲ್ಲ ಒಂದು ದಿನ ಮನಸ್ಸು ಕರಗುತ್ತದೆ. ಆದ್ದರಿಂದ ಅವನು ಬೆಳಗಿನ ಕಾಫಿ ಆದ ಮೇಲೆ ಕುಕ್ಕರ್ ಇಳಿಸಿ, ಕಡತ ಒರೆಸಿ, ಕುಕ್ಕರ್ ಮತ್ತೆ ಏರಿಸುತ್ತಿದ್ದನು. ರತ್ನಮ್ಮನವರು ನೋಡುತ್ತಿದ್ದರು. ಕರಗಲಿಲ್ಲ. ಶುಕ್ರವಾರ ಹತ್ತಿರವಾಗುತ್ತಿತ್ತು. ಮೊಮ್ಮಗಳು, ಅಜ್ಜಿಯ ಬಳಿ ಹೋಗಿ ಬಾಯಿಬಿಟ್ಟು ಕೇಳು ತಾತ ಎಂದಳು. ಕ್ಲಿಕ್ ಮಾಡಿಬಿಡುತ್ತೇನೆ ಎಂದೂ ಹೆದರಿಸಿದಳು. ರತ್ನಮ್ಮನವರ ಒಪ್ಪಿಗೆಯಿಲ್ಲದೆ ಹಡಗು ಹತ್ತುವುದು ಅರ್ಜಿದಾರನಿಂದಾಗದು ಎಂದು ಅವಳಿಗೆ ಖಡಾಖಂಡಿತವಾಗಿ ತಿಳಿಸಲಾಯಿತು. ಸಮುದ್ರ ಬೇಕು, ಅವರ ಮುಖ ಊದಿಸಿಟ್ಟು ಹೋದ ಸಮುದ್ರ ಬೇಡ.

6. ಕಳೆದ ಭಾನುವಾರ ರತ್ನಮ್ಮನವರು ಹುರುಳಿಕಾಯಿ ಸೋಸುತ್ತಿದ್ದರು. ಅರ್ಜಿದಾರನು ಕುಕ್ಕರ್ ಇಳಿಸಿದನು. ಆಗ ನಡೆದ ಸಂಭಾಷಣೆಯನ್ನು ಯಥಾವತ್ತಾಗಿ ದಾಖಲಿಸಿದೆ.

“ರೀ, ಏನದು ದಿನಾ ಒರೆಸೋದು?”

“ಕಡತ.”

“ಅದು ಗೊತ್ತು. ಅದರೊಳಗೆ ಏನಿದೆ?”

“ನಿನ್ನ ಅಭಿಪ್ರಾಯ ಕೇಳಿದೆ.”

“ಕಾಗದ ಕೇಳಿದೆ. ನೀವು ಕೇಳಿದ್ದೀರಾ?”

ಅರ್ಜಿದಾರನು ಕಡತದ ಮೂಲೆಯನ್ನು ಇನ್ನೊಮ್ಮೆ ಒರೆಸಿದನು. ಉತ್ತರವನ್ನು ರತ್ನಮ್ಮನವರೇ ಕೊಟ್ಟರು. ದಿಲ್ಲಿಗೆ ಕೆಲಸ ಸಿಕ್ಕಾಗ ಆರ್ಡರನ್ನು ಊಟದ ತಟ್ಟೆಯ ಕೆಳಗಿಟ್ಟದ್ದು, ಹರಿಣಿಗೆ ಗಂಡು ಬಂದಾಗ ಜಾತಕವನ್ನು ಅಕ್ಕಿ ಡಬ್ಬದ ಮೇಲಿಟ್ಟದ್ದು, ಲಕ್ಷ್ಮೀ ನಗರದ ಬಾಡಿಗೆ ಮನೆ ಬಿಟ್ಟು ಅಳಿಯನ ಮನೆಗೆ ಬರುವುದಾದಾಗ ಖಾಲಿ ಪೆಟ್ಟಿಗೆಗಳನ್ನು ನಡುಮನೆಯಲ್ಲಿಟ್ಟು ಹೊರಗೆ ಹೋಗಿ ನಿಂತದ್ದು, ಎಲ್ಲವನ್ನೂ ಅವರು ಹುರುಳಿಕಾಯಿ ನಾರು ತೆಗೆದಂತೆ ಒಂದೊಂದಾಗಿ ತೆಗೆದಿಟ್ಟರು. ಧ್ವನಿ ಏರಿಸಲಿಲ್ಲ.

“ನಾನು ಬೇಡ ಅಂದಿದ್ದು ಇದೆಯಾ ಒಂದಾದರೂ? ಆದರೂ ಬಾಯಲ್ಲಿ ಕೇಳಿಲ್ಲ ನೀವು. ನಾನೇನು ನಿಮ್ಮ ಸೆಕ್ಷನ್ನಾ?”

ಅರ್ಜಿದಾರನು ಕಡತವನ್ನು ಕೆಳಗಿಟ್ಟನು. ಏನು ಹೇಳಬೇಕೆಂದು ಮನಸ್ಸಿನಲ್ಲೇ ಕರಡು ಮಾಡಿಕೊಂಡು, ತಿದ್ದಿ, ಶುದ್ಧಪ್ರತಿ ತೆಗೆದು, ಹೇಳಿದನು:

“ರತ್ನಾ, ಹಡಗಿಗೆ ಹೋಗೋಣ ಅಂತಿದೀನಿ. ಬರ್ತೀಯಾ?”

ಕೊನೆಯ ಮಾತು ಕರಡಿನಲ್ಲಿ ಇರಲಿಲ್ಲ. ಯಾರ ಅನುಮೋದನೆಯೂ ಇಲ್ಲದೆ ಬಾಯಿಂದ ಹೊರಟುಹೋಯಿತು. ಹೊರಟ ಆದೇಶವನ್ನು ಹಿಂಪಡೆಯುವ ಪದ್ಧತಿ ಇಲ್ಲ. ಹಿಂಪಡೆಯುವ ಮನಸ್ಸೂ ಅವನಿಗೆ ಆಗಲಿಲ್ಲ.

ರತ್ನಮ್ಮನವರು ಚಾಕುವನ್ನು ಕೆಳಗಿಟ್ಟರು. ಆಮೇಲೆ ಅಂದರು: “ಬಂದರೆ ಕಂಬ ಹತ್ತೋದು ನಾನು. ನೀವು ಟ್ಯಾಂಕಿನ ಏಣಿ ಮೇಲೆ ನಡುಗಿದ್ದು ಇಡೀ ಸೆಕ್ಟರಿಗೆ ಗೊತ್ತು.”

ಇದು ಸತ್ಯ. ತಾರಸಿಯ ನೀರಿನ ಟ್ಯಾಂಕು ತುಂಬಿದೆಯೇ ಎಂದು ಹತ್ತಿ ನೋಡುವವರು ರತ್ನಮ್ಮನವರು. ಏಣಿ ಹಿಡಿದುಕೊಂಡು ‘ಹುಷಾರು’ ಎನ್ನುವವನು ಅರ್ಜಿದಾರ. ಒಮ್ಮೆ ಅದಲುಬದಲಾದಾಗ ಪಕ್ಕದ ಬ್ಲಾಕಿನವರು ಬಂದು ಅವನನ್ನು ಇಳಿಸಬೇಕಾಯಿತು.

7. ಇರುವುದು ಒಂದೇ ಸೀಟು ಎಂಬ ಆಕ್ಷೇಪವನ್ನು ಮೊಮ್ಮಗಳು ಎತ್ತಿದಳು. ನೀನು ಹೋಗು ಎಂದು ಅರ್ಜಿದಾರ, ನೀವು ಹೋಗಿ ಎಂದು ರತ್ನಮ್ಮನವರು, ಹುರುಳಿಕಾಯಿ ಪಲ್ಯ ಸೀದುಹೋಗುವವರೆಗೆ ಹಟ ಹಿಡಿದರು. ಕಡೆಗೆ ಮಯೂರಿ ಮೇಡಂಗೆ ಫೋನು ಹೋಯಿತು. ಸೀಟು ಎಂದರೆ ಮಲಗುವ ಮಂಚ. ಮಂಚ ಒಂದೇ ಉಳಿದಿದೆ. ಹಡಗಿನಲ್ಲಿ ಎರಡು ಪಾಳಿ, ಒಂದು ಪಾಳಿ ದುಡಿಯುವಾಗ ಇನ್ನೊಂದು ಮಲಗುತ್ತದೆ, ಗಂಟೆ ಹೊಡೆದಾಗ ಬದಲಾಗುತ್ತದೆ ಎಂದು ಅವರು ವಿವರಿಸಿದರು.

ಆಗ ರತ್ನಮ್ಮನವರು ಸ್ಪೀಕರಿನ ಹತ್ತಿರ ಬಾಗಿ ಒಂದು ಪೂರ್ವನಿದರ್ಶನ ಮಂಡಿಸಿದರು. ಲಕ್ಷ್ಮೀ ನಗರದ ಮನೆಯ ಮೇಲಿನ ಕೋಣೆಯಲ್ಲಿ ಕೋಚಿಂಗಿನ ಹುಡುಗರಿಬ್ಬರು ಒಂದೇ ಮಂಚದ ಬಾಡಿಗೆ ಕೊಟ್ಟು ಇರುತ್ತಿದ್ದರು. ಒಬ್ಬನಿಗೆ ಬೆಳಗಿನ ಬ್ಯಾಚು, ಒಬ್ಬನಿಗೆ ಸಂಜೆಯದು. ಅವನು ಎದ್ದ ಹಾಸಿಗೆಗೆ ಇವನು. ಇಬ್ಬರೂ ಪಾಸಾದರು, ಮಂಚವೂ ಮುರಿಯಲಿಲ್ಲ. ಮಯೂರಿ ಮೇಡಂ, ಇದನ್ನು ಕ್ಯಾಪ್ಟನ್ ಸಾಹೇಬರೇ ತೀರ್ಮಾನಿಸಬೇಕು, ಬರೆದು ಕಳಿಸಿ ಎಂದರು. ಪೂರ್ವನಿದರ್ಶನ ಸಿಕ್ಕ ಮೇಲೆ ಅಳಿಯಂದಿರೂ ‘ಶಿಫಾರಸು ಮಾಡಿದೆ’ ಎಂದು ಸಹಿ ಹಾಕಿದ್ದಾರೆ. ಇಬ್ಬರ ಹಣವನ್ನೂ ಮೊಮ್ಮಗಳೇ ಕಟ್ಟುತ್ತಾಳೆ. ಎಷ್ಟೆಂದು ಅವಳು ಅರ್ಜಿದಾರನಿಗೆ ಹೇಳುವುದಿಲ್ಲ.

ಆದ್ದರಿಂದ, ಮೇಲಿನ ಎಲ್ಲ ಕಾರಣಗಳನ್ನು ಕೃಪೆಯಿಟ್ಟು ಪರಿಶೀಲಿಸಿ, ಉಳಿದಿರುವ ಒಂದು ಮಂಚವನ್ನು ಅರ್ಜಿದಾರನಿಗೂ ರತ್ನಮ್ಮನವರಿಗೂ ಜಂಟಿಯಾಗಿ ಮಂಜೂರು ಮಾಡಿ, ಇಬ್ಬರನ್ನು ಬೇರೆ ಬೇರೆ ಪಾಳಿಗೆ ಹಾಕಬೇಕಾಗಿಯೂ, ಕಂಬದ ಕೆಲಸವನ್ನು ಅವರಿಗೂ, ಕೆಳಗೆ ನಿಂತು ‘ಹುಷಾರು’ ಎನ್ನುವ ಕೆಲಸವನ್ನು, ತನ್ನ ನಿದ್ದೆಯ ಪಾಳಿಯಲ್ಲಾದರೂ ಸರಿಯೇ, ಅರ್ಜಿದಾರನಿಗೂ ವಹಿಸಬೇಕಾಗಿಯೂ ಪ್ರಾರ್ಥಿಸಲಾಗಿದೆ.

ಶುಕ್ರವಾರದೊಳಗೆ ಉತ್ತರದ ನಿರೀಕ್ಷೆಯಲ್ಲಿ,

ತಮ್ಮ ವಿಶ್ವಾಸಿ,
ತಿಪ್ಪೇಸ್ವಾಮಿ
(ಸಹಿ)

ಜಂಟಿ ಅರ್ಜಿದಾರರು: ರತ್ನಮ್ಮ (ಸಹಿ, ಅರಿಶಿನದ ಕಲೆ ಅವರದೇ)

ಲಗತ್ತುಗಳು:
1. ಅರ್ಜಿದಾರನು ಜೀವಂತವಿರುವ ಬಗ್ಗೆ ಪ್ರಮಾಣಪತ್ರ.
2. ರತ್ನಮ್ಮನವರು ಟ್ಯಾಂಕಿನ ಏಣಿಯ ತುದಿಯಲ್ಲಿರುವ ಫೋಟೋ. (ಕೆಳಗೆ ಕಾಣುವ ಬೋಳುತಲೆ ಅರ್ಜಿದಾರನದು.)
3. ಪೆಡಲ್ ಬೋಟಿನ ಟಿಕೆಟು.
4. ಚಟ್ನಿಪುಡಿಯ ಸಣ್ಣ ಪೊಟ್ಟಣ, ಮಾದರಿಗಾಗಿ. ಒಪ್ಪಿಗೆಯಾದಲ್ಲಿ ಉಳಿದದ್ದನ್ನು ಹಡಗಿಗೆ ತರಲಾಗುವುದು.

ವಿಶೇಷ ಸೂಚನೆ: ಶುದ್ಧಪ್ರತಿಯನ್ನು ಓದಿಸಿಕೊಂಡ ರತ್ನಮ್ಮನವರು, ಒಬ್ಬರು ಎದ್ದಾಗ ಇನ್ನೊಬ್ಬರು ಮಲಗುವುದಾದರೆ ಮಾತಾಡುವುದು ಯಾವಾಗ ಎಂದು ಆಕ್ಷೇಪಣೆ ಎತ್ತಿರುತ್ತಾರೆ. ಆಕ್ಷೇಪಣೆ ಸಾಧುವಾಗಿದೆ. ಆದಕಾರಣ, ಪಾಳಿ ಬದಲಾಗುವಾಗ ಗಂಟೆಯನ್ನು ಸ್ವಲ್ಪ ನಿಧಾನವಾಗಿ ಹೊಡೆಸಬೇಕಾಗಿ ವಿನಂತಿ. ಅರ್ಜಿದಾರನು ಅವರನ್ನು ಬಾಯಲ್ಲಿ ಕೇಳಬೇಕಾದ ವಿಷಯಗಳು ಬಹಳ ಬಾಕಿ ಇರುತ್ತವೆ.