ತಾವು ಕತ್ತರಿಸಿದ ಎರಡೂಕಾಲು ಸೆಕೆಂಡಿನ ವಿಚಾರ

ಮಾನ್ಯರೇ,

ಧ್ವನಿಮುದ್ರಣ ಸ್ಟುಡಿಯೋದ ಎರಡನೇ ಮಹಡಿಯಲ್ಲಿ, ಕಿಟಕಿಯಿಲ್ಲದ ಕೋಣೆಯಲ್ಲಿ, ಮೂರು ಹಸಿರು ದೀಪ ಹೊತ್ತಿಸಿಕೊಂಡು ತಣ್ಣಗೆ ವಿರಾಜಮಾನರಾಗಿರುವ ಶಬ್ದಶುದ್ಧಿ ಯಂತ್ರವಾದ ತಮಗೆ, ಹಾಡುವವರ ಪಕ್ಕದಲ್ಲಿ ಕೂತು ಡೋಲು ಬಾರಿಸುವ ಸಾಮಾನ್ಯನೊಬ್ಬನ ಸವಿನಯ ವಂದನೆಗಳು. ತಾವು ಕ್ಷೇಮವೆಂದೂ ತಮ್ಮೊಳಗಿನ ಫ್ಯಾನು ಸರಾಗವಾಗಿ ತಿರುಗುತ್ತಿದೆಯೆಂದೂ ನಂಬಿದ್ದೇನೆ. ಇತ್ತ ನಾವೂ ಕ್ಷೇಮವೆಂದು ಬರೆಯುವುದು ವಾಡಿಕೆ. ಹಾಗೆ ಬರೆಯಲು ಕೈ ಬರುತ್ತಿಲ್ಲವಾದ್ದರಿಂದ ಈ ಪತ್ರ.

ಹಾಡುವವಳು ನನ್ನ ಅಕ್ಕ. ಇಪ್ಪತ್ತಾರು ವರ್ಷಗಳಿಂದ ಅವಳ ಎಡಕ್ಕೆ ಒಂದು ಮೊಳ ದೂರದಲ್ಲಿ ಕೂತಿದ್ದೇನೆ. ನಮ್ಮಲ್ಲಿ ಎಣಿಕೆ ಗಿಣಿಕೆ ಏನಿಲ್ಲ. ಅವಳು ಉಸಿರೆಳೆದುಕೊಂಡ ಸದ್ದು ಕಿವಿಗೆ ಬಿದ್ದರೆ ನನ್ನ ಕೈ ತಾನಾಗಿ ಮೇಲೇಳುತ್ತದೆ. ಸಭೆಯಲ್ಲಿ ಯಾರಾದರೊಬ್ಬರ ಮುಖ ಹುಡುಕಿಕೊಂಡು ಅವರೊಬ್ಬರಿಗೇ ಎನ್ನುವಂತೆ ಹಾಡುವುದು ಅವಳ ಅಭ್ಯಾಸ, ಹೆಚ್ಚಾಗಿ ಮೂರನೇ ಸಾಲಿನಲ್ಲಿ ಕೂರುವ ನಿವೃತ್ತ ಪೋಸ್ಟ್‌ಮ್ಯಾನ್ ಸಿಗುತ್ತಾರೆ. ತಮ್ಮ ಸ್ಟುಡಿಯೋದಲ್ಲಿ ನಮ್ಮಿಬ್ಬರನ್ನು ಬೇರೆ ಬೇರೆ ಗಾಜಿನ ಕೋಣೆಗಳಲ್ಲಿ ಕೂರಿಸಿ ಬಾಗಿಲು ಹಾಕಿದರು. ಅಕ್ಕನ ಎದುರಿಗೆ ಒಂದು ಗೋಡೆ, ಗೋಡೆಗೆ ನೇತುಹಾಕಿದ, ಬೆಂಕಿ ಆರಿಸುವ ಕೆಂಪು ಸಿಲಿಂಡರು. ಆರು ಹಾಡುಗಳನ್ನೂ ಅವಳು ಅದಕ್ಕೇ ಹಾಡಿದಳು. ಸಿಲಿಂಡರು ಒಮ್ಮೆಯೂ ತಲೆದೂಗಲಿಲ್ಲ, ಅದು ಅದರ ತಪ್ಪೂ ಅಲ್ಲ.

ಆಮೇಲೆ ತಾವು ಮಾಡಿದ ಸೇವೆಯನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಅಕ್ಕನ ಉಸಿರುಗಳನ್ನೆಲ್ಲ ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ಆರಿಸಿ ತೆಗೆದಿರಿ. ಈಗ ಅವಳು ಇಪ್ಪತ್ತೆಂಟು ನಿಮಿಷ ಒಮ್ಮೆಯೂ ಉಸಿರಾಡದೆ ಹಾಡುತ್ತಾಳೆ, ಇಂಥದ್ದು ದೊಡ್ಡ ದೊಡ್ಡ ವೈದ್ಯರ ಕೈಲೂ ಆಗದ ಕೆಲಸ. ಮೇಲಿನ ಸ್ವರಕ್ಕೆ ಹೋದಾಗ ಅವಳ ಗಂಟಲು ಚೂರು ಒಡೆಯುವ ಜಾಗಕ್ಕೆ ಇಸ್ತ್ರಿ ಹಾಕಿದಿರಿ. ನಾನು ಮೂಗೆಳೆದದ್ದನ್ನೂ ಮಾಯ ಮಾಡಿದಿರಿ, ಅದಕ್ಕೆ ವೈಯಕ್ತಿಕವಾಗಿ ಋಣಿ. ನಮ್ಮ ಭಾವನವರು ದರ್ಜಿ. ಸಭೆಯಲ್ಲಿ ಹೆಂಡತಿಯ ಹಾಡು ಕೇಳಿದಾಗಲೆಲ್ಲ ಅಳತೆಯ ಟೇಪಿನಲ್ಲೇ ಕಣ್ಣೊರೆಸಿಕೊಳ್ಳುವವರು. ಅವರು ಅಂಗಡಿಯಲ್ಲಿ ತಾವು ಶುದ್ಧಿಮಾಡಿದ ಧ್ವನಿಮುದ್ರಿಕೆ ಹಾಕಿಕೊಂಡು ಮೂರು ಕೋಟುಗಳಿಗೆ ಗುಂಡಿ ಹೊಲಿದು ಮುಗಿಸಿ, ಹಾಡು ಯಾವಾಗ ನಿಂತಿತು ಎಂದು ಕೇಳಿದರು. ಕೆಲಸಕ್ಕೆ ಒಂದಿಷ್ಟೂ ಅಡ್ಡಿಪಡಿಸದ ಸಂಗೀತ ಈ ಕಾಲದಲ್ಲಿ ಅಪರೂಪ.

ಇಷ್ಟಕ್ಕೇ ನಿಂತಿದ್ದರೆ ನಾನು ತಮ್ಮ ಅಮೂಲ್ಯ ಸಮಯ ಹಾಳುಮಾಡುತ್ತಿರಲಿಲ್ಲ. ನಾಲ್ಕನೆಯದು ದೋಣಿಯ ಹಾಡು. ಅದರ ಕೊನೆಯ ಸಾಲಿನಲ್ಲಿ ದಡ ಕಾಣಿಸುವ ಮಾತು ಬರುತ್ತದೆ. ಅಲ್ಲಿ ಅಕ್ಕ ಕಣ್ಣುಮುಚ್ಚಿ, ಸ್ವರ ಹಿಡಿದು, ಇರಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತುಬಿಡುತ್ತಾಳೆ. ಕೆಮ್ಮು ಬಂದವರು ಕೆಮ್ಮು ನುಂಗಿಕೊಳ್ಳುತ್ತಾರೆ. ಆಮೇಲೆ ಡೋಲು ಬೀಳುತ್ತದೆ. ನಿಜ ಹೇಳಬೇಕೆಂದರೆ ಜನ ಬರುವುದೇ ಆ ಒಂದು ಗಳಿಗೆಗೆ. ತಾವು ಅದನ್ನು ಅಳೆದು, ಎರಡೂಕಾಲು ಸೆಕೆಂಡು ಹೆಚ್ಚಾಗಿದೆಯೆಂದು ಪತ್ತೆಹಚ್ಚಿ, ಕತ್ತರಿಸಿ, ತುದಿಗೆ ತುದಿ ಸೇರಿಸಿ ಹೊಲಿದಿರಿ. ತಮ್ಮ ಆಪರೇಟರು ಪರದೆಯ ಮೇಲಿನ ಕೆಂಪು ಗೆರೆ ತೋರಿಸಿ, ಇಲ್ಲಿ ಮೇಡಂ ತಪ್ಪಿದ್ರು, ಸರಿ ಮಾಡಿದೀವಿ ಎಂದರು. ಅಕ್ಕ ಆ ಗೆರೆಯನ್ನು ಬಹಳ ಹೊತ್ತು ನೋಡಿದಳು.

ಅಂದಿನಿಂದ ದಿನವೂ ಊಟವಾದ ಮೇಲೆ ಆ ಧ್ವನಿಮುದ್ರಿಕೆ ಹಾಕಿಕೊಂಡು, ಮೇಜಿನ ಮೇಲೆ ಬೆರಳು ತಟ್ಟುತ್ತಾ, ತನ್ನ ಹಾಡನ್ನು ತಮ್ಮಿಂದ ಕಲಿಯುತ್ತಿದ್ದಾಳೆ. ಇಷ್ಟು ವರ್ಷ ತಪ್ಪು ಹಾಡ್ತಿದ್ದೆನಲ್ಲೋ, ಒಬ್ಬರಾದ್ರೂ ಹೇಳಬಾರದಿತ್ತಾ ಎಂದು ನನ್ನನ್ನೇ ಕೇಳಿದಳು. ಕಳೆದ ಭಾನುವಾರ ಗ್ರಂಥಾಲಯದ ಸಭಾಂಗಣದಲ್ಲಿ ಯಾರ ಮುಖವನ್ನೂ ಹುಡುಕದೆ, ಒಂದು ಸ್ವರವೂ ಆಚೀಚೆ ಆಗದಂತೆ ಹಾಡಿದಳು. ದೋಣಿಯ ಹಾಡಿನಲ್ಲಿ ದಡ ಬಂತು, ಅವಳು ನಿಲ್ಲಲಿಲ್ಲ. ಶಾಲೆಯಲ್ಲಿ ಮೂರನೇ ಬಹುಮಾನಕ್ಕೆ ಬೀಳುವಂಥ ಚಪ್ಪಾಳೆ ಬಿತ್ತು. ಪೋಸ್ಟ್‌ಮ್ಯಾನ್ ಪರದೆಯ ಹಿಂದಕ್ಕೆ ಬಂದು, ಅಕ್ಕಂಗೆ ಮೈಗೆ ಹುಷಾರಿಲ್ವೇನಪ್ಪಾ ಎಂದು ಮೆಲ್ಲಗೆ ಕೇಳಿದರು. ಹುಷಾರಾಗಿದ್ದಾಳೆ, ತಪ್ಪು ಮಾಡುವುದು ಬಿಟ್ಟಿದ್ದಾಳೆ ಎಂದೆ. ಹೇಳುವಾಗ ನನಗೆ ಅಳು ಬಂತು. ಬರುವ ಶನಿವಾರದ ಕಾರ್ಯಕ್ರಮವೇ ಕೊನೆಯದು, ಆಮೇಲೆ ಸಭೆಗಳಲ್ಲಿ ಹಾಡುವುದಿಲ್ಲ, ರೆಕಾರ್ಡ್ ಇದೆಯಲ್ಲ, ಜನ ಅದನ್ನೇ ಕೇಳಿಕೊಳ್ಳಲಿ ಎಂದು ಅಕ್ಕ ತೀರ್ಮಾನಿಸಿದ್ದಾಳೆ.

ಆದ್ದರಿಂದ ತಮ್ಮಲ್ಲಿ ಬೇಡಿಕೊಳ್ಳುವುದೇನೆಂದರೆ, ತಾವು ತೆಗೆದ ಉಸಿರುಗಳನ್ನು ಎಲ್ಲಿ ಬಿಸಾಡಿದ್ದೀರೋ ಅಲ್ಲಿಂದ ಗುಡಿಸಿ, ಒಂದು ಚೀಲಕ್ಕೆ ತುಂಬಿ, ಶನಿವಾರದೊಳಗೆ ಮನೆಗೆ ತಲುಪಿಸುವುದು. ಗಂಟಲು ಒಡೆದ ಚೂರುಗಳು ಸೂಕ್ಷ್ಮ, ಹತ್ತಿಯಲ್ಲಿ ಸುತ್ತಿ ಕಳಿಸಿದರೆ ಉಪಕಾರ. ಮತ್ತು ಎರಡೂಕಾಲು ಸೆಕೆಂಡಿನ ಬಾಬತ್ತಿನಲ್ಲಿ ತಮ್ಮ ದಾಖಲೆಯನ್ನು ದಯಮಾಡಿ ತಿದ್ದಿಕೊಳ್ಳುವುದು. ತಪ್ಪಿದ್ದು ಮೇಡಂ ಅಲ್ಲ.

ಹದಿನೆಂಟು ವರ್ಷಗಳ ಹಿಂದೆ ಒಂದು ಶಾಲೆಯ ಸಭಾಂಗಣದಲ್ಲಿ ಅಕ್ಕ ಆ ಸಾಲಿಗೆ ಬಂದು ಕಣ್ಣುಮುಚ್ಚಿದಾಗ, ಅವಳ ಪಕ್ಕದ ಡೋಲಿನವನು, ಬಾಗಿಲ ಬಳಿ ಬಿಟ್ಟು ಬಂದಿದ್ದ ತನ್ನ ಹೊಸ ಚಪ್ಪಲಿಯನ್ನು ಯಾರೋ ಮೆಟ್ಟಿಕೊಂಡು ನೋಡುತ್ತಿರುವುದನ್ನು ನೋಡುತ್ತಿದ್ದ. ಪೆಟ್ಟು ಬೀಳಬೇಕಾದ ಕಡೆ ಬೀಳಲಿಲ್ಲ. ಡೋಲು ಕೇಳಿಸುವವರೆಗೆ ಸ್ವರ ಬಿಡಬಾರದೆಂದು ಅವಳು ಹಿಡಿದೇ ನಿಂತಳು. ಇಡೀ ಸಭೆ ಅವಳ ಜೊತೆ ನಿಂತಿತು. ಕಾರ್ಯಕ್ರಮ ಮುಗಿದ ಮೇಲೆ ಅಕ್ಕ ನನ್ನ ಹತ್ತಿರ ಬಂದು, ಕ್ಷಮಿಸೋ, ಅಲ್ಲಿ ಸ್ವಲ್ಪ ಬೇಗ ಹೋಗಿ ಸ್ವರ ಎಳೆದುಬಿಟ್ಟೆ ಅನಿಸುತ್ತೆ ಎಂದಳು. ನಾನು ಪರವಾಗಿಲ್ಲ ಎಂದೆ. ಅದನ್ನೂ ದೊಡ್ಡ ಮನಸ್ಸು ಮಾಡಿದವನ ಹಾಗೆ ಹೇಳಿದೆ. ಮುಂದಿನ ಸಭೆಯಿಂದ ಜನ ಅದನ್ನೇ ಕೇಳತೊಡಗಿದರು, ಅವಳು ನಿಲ್ಲುತ್ತಾ ಬಂದಳು, ನಾನು ತಡವಾಗಿ ಬಾರಿಸುತ್ತಾ ಬಂದೆ. ಜನ ಪ್ರೀತಿಯಿಂದ ಮನ್ನಿಸಿದ ತನ್ನ ತಪ್ಪು ಅದು ಎಂದು ಅವಳು ಇವತ್ತಿಗೂ ತಿಳಿದಿದ್ದಾಳೆ. ಅವಳ ಮುಖ ನೋಡಿ ಹೇಳುವ ಧೈರ್ಯ ಬಾರದ್ದರಿಂದ ತಮಗೆ ಬರೆದು, ಊರಿನ ಪತ್ರಿಕೆಗೂ ಕಳಿಸುತ್ತಿದ್ದೇನೆ. ಕಿವಿಯೊಂದೇ ಇದ್ದು ನಾಲಿಗೆಯಿಲ್ಲದವರ ಹತ್ತಿರ ತಪ್ಪೊಪ್ಪಿಕೊಳ್ಳುವುದು ಸುಲಭ.

ಇನ್ನು ಹೆಚ್ಚು ಬರೆದು ತಮ್ಮನ್ನು ಬಿಸಿಮಾಡಲಾರೆ.

ತಮ್ಮ ವಿಶ್ವಾಸಿ,
ಡೋಲಿನವನು

ತಾ.ಕ.: ಪತ್ರಿಕೆಗೆ ತಲುಪಿಸಿ ಎಂದು ಕೊಟ್ಟಿದ್ದ ಈ ಪತ್ರವನ್ನು ಭಾವನವರು ಮೊದಲು ಅಕ್ಕನ ಕೈಗೆ ಕೊಟ್ಟುಬಿಟ್ಟಿದ್ದಾರೆ. ಅವಳು ಎರಡು ಸಲ ಓದಿ, ಮಡಿಚಿ ನನ್ನ ಕೈಗಿಟ್ಟಳು. ಬೈಯಲಿಲ್ಲ. ಶನಿವಾರ ಆ ಸಾಲಲ್ಲಿ ನಾನು ಎಷ್ಟು ಹೊತ್ತು ನಿಲ್ತೀನೋ ಅಷ್ಟು ಹೊತ್ತು ಕೈ ಎತ್ತಿಕೊಂಡೇ ಕೂತಿರು, ನಾನು ಕಣ್ಣು ಬಿಟ್ಟು ನಿನ್ನನ್ನೇ ನೋಡ್ತಾ ಹಾಡ್ತೀನಿ ಎಂದಳು. ಆ ಹೊತ್ತಿನಲ್ಲಿ ನಾನು ಪಡುವ ಪಾಡನ್ನು ತಾವು ಬೇಕಾದರೆ ಅಳೆದುಕೊಳ್ಳಬಹುದು, ತೆಗೆದುಹಾಕುವಂತಿಲ್ಲ.