ಸುತ್ತಿಗೆಯಿಂದ ಕೊಂದ ಕಂಪ್ಯೂಟರು

ಮಿಲ್ಲಿನವರು ನಮ್ಮ ಕಾರ್ಮಿಕ ಸಂಘದ ಜನಕ್ಕೆ ಹದಿನಾಲ್ಕು ತಿಂಗಳ ಸಂಬಳ ಇನ್ನೂ ಕೊಡಬೇಕು. ಕೇಸು ನಡೆಯುತ್ತಿದೆ. ಗುಟ್ಟಾಗಿ ಹೇಳಿಕೆ ಕೊಟ್ಟ ಇನ್ನೂರ ಆರು ಮಂದಿ ಈಗಲೂ ಅದೇ ಮಿಲ್ಲಿನಲ್ಲಿ ದುಡಿಯುತ್ತಿದ್ದಾರೆ. ಅವರ ಹೆಸರು ಮ್ಯಾನೇಜರನ ಕೈಗೆ ಸಿಕ್ಕರೆ ಮರುದಿನವೇ ಅವರೆಲ್ಲ ಗೇಟಿನಾಚೆ. ಆ ಹೆಸರುಗಳ ಪಟ್ಟಿಯ ಒಂದು ಪ್ರತಿ ನಮ್ಮ ವಕೀಲರ ಬೀರುವಿನಲ್ಲಿ ಭದ್ರವಾಗಿತ್ತು. ಇನ್ನೊಂದು ಇದ್ದದ್ದು ನಮ್ಮ ಮನೆಯ ಹಳೇ ಕಂಪ್ಯೂಟರಿನಲ್ಲಿ. ಅದು ಆನ್ ಆಗುವಷ್ಟರಲ್ಲಿ ಒಂದು ಧರಣಿ ಮುಗಿಸಿ ಬರಬಹುದಿತ್ತು. ಸರಿ, ಗುಜರಿಗೆ ಹಾಕುವುದೆಂದು ತೀರ್ಮಾನಿಸಿದೆ.

"ಅದರಲ್ಲಿ ಪಟ್ಟಿ ಇದೆ ಕಣ್ರಿ. ತಿಳಿದವರಿಗೆ ತೋರಿಸಿ ಕೊಡಿ" ಎಂದಳು ಹೆಂಡತಿ. ಶಾಲೆಯ ಆಫೀಸಿನಲ್ಲಿ ಗುಮಾಸ್ತೆ ಅವಳು.

"ಪೊಲೀಸರು ಬಾಗಿಲು ಬಡೀತಿದ್ದಾಗ ವಿಳಾಸದ ಚೀಟಿ ಅಗಿದು ನುಂಗಿದವನು ನಾನು. ನನಗೆ ಗುಟ್ಟು ಕಾಯೋದು ಕಲಿಸ್ತೀಯಾ?"

"ಕಂಪ್ಯೂಟರ್ ನುಂಗೋಕಾಗಲ್ಲ."

"ಒಡೆಯೋಕಾಗುತ್ತೆ."

ಅವಳು ಕೆಲಸಕ್ಕೆ ಹೊರಟ ಮೇಲೆ ಹಿತ್ತಲಿನಲ್ಲಿ ಗೋಣಿಚೀಲ ಹಾಸಿದೆ. ಪಟ್ಟಿಯನ್ನು ಪರದೆಯ ಮೇಲಿನ ಕಸದ ಬುಟ್ಟಿಯ ಗುರುತಿಗೆ ಎಳೆದು ಹಾಕಿ ಆಗಿತ್ತು. ಅಷ್ಟಕ್ಕೇ ನಂಬುವ ಆಸಾಮಿಯೇ ನಾನು? ಪಟ್ಟಿ ಎಲ್ಲಿ ಕಾಣಿಸುತ್ತಿತ್ತೋ ಆ ಪರದೆಗೇ ಸುತ್ತಿಗೆ ಬೀಸಿದೆ. ಮೂರನೇ ಏಟಿಗೆ ಚೂರುಚೂರು. ಉಳಿದ ಕಪ್ಪು ಡಬ್ಬದ ಮೇಲೆ ಸಂಘದ ಸ್ಟಿಕ್ಕರುಗಳಿದ್ದವು. ಹುಟ್ಟಿಸಿದವನಿಗೂ ಗುರುತು ಸಿಗಬಾರದೆಂದು ಅವನ್ನೆಲ್ಲ ಉಗುರಿನಿಂದ ಕೆರೆದು ತೆಗೆದೆ. ಗುಜರಿಯವನು ಬಂದು ಡಬ್ಬ ಹೊತ್ತೊಯ್ದ.

ಸಂಜೆ ನಾಲ್ಕಕ್ಕೆ ಹೆಂಡತಿ ಬಂದಳು. ಗೋಣಿಚೀಲವನ್ನು ತೋರಿಸಿದೆ. ಚೂರುಗಳನ್ನು ನೋಡಿದಳು, ನನ್ನನ್ನು ನೋಡಿದಳು.

"ಡಬ್ಬ ಎಲ್ಲಿ?"

"ಗುಜರಿಗೆ ಹೋಯ್ತು."

"ಟಿ.ವಿ. ಒಡೆದ್ರೆ ಸುದ್ದಿ ಸಾಯುತ್ತೇನ್ರಿ? ಪಟ್ಟಿ ಇರೋದು ಡಬ್ಬದೊಳಗಿನ ಡಿಸ್ಕಲ್ಲಿ."

"ಅದನ್ನ ಬುಟ್ಟಿಗೆ ಹಾಕಿದ್ದೀನಲ್ಲ."

"ಬುಟ್ಟಿಗೆ ಹಾಕಿದ್ದನ್ನ ಗೊತ್ತಿರೋರು ಅರ್ಧ ಗಂಟೇಲಿ ಎತ್ತಿ ಕೊಡ್ತಾರೆ."

"ಗುಜರಿಯವನಿಗೆ ನಮ್ಮ ಪಟ್ಟಿ ಯಾಕೆ?"

"ಅವನಿಗೆ ಬೇಡ. ಅವನ ಹತ್ರ ಹಳೇ ಡಬ್ಬ, ಡಿಸ್ಕು ಅಗ್ಗಕ್ಕೆ ಕೊಳ್ಳೋದು ಇಬ್ಬರೇ. ಒಂದು ನಮ್ಮ ಶಾಲೆ, ಇನ್ನೊಂದು ನಿಮ್ಮ ಮಿಲ್ಲಿನ ಆಫೀಸು."

ಲಾಠಿಗೆ ಹೆದರಿ ಓಡದ ಕಾಲುಗಳು ಅವತ್ತು ಓಡಿದವು.

ಗುಜರಿ ಅಂಗಡಿಯಲ್ಲಿ ಮೂವತ್ತು ಕಪ್ಪು ಡಬ್ಬಗಳು ಒಂದೇ ತಾಯಿಯ ಮಕ್ಕಳಂತೆ ಸಾಲಾಗಿ ಕೂತಿದ್ದವು.

"ನಿಮ್ದು ಯಾವುದು ಯಜಮಾನ್ರೇ? ಏನಾದ್ರೂ ಗುರುತಿತ್ತಾ?" ಎಂದ ಗುಜರಿಯವನು.

"ಇತ್ತು. ಕೆರೆದು ತೆಗೆದೆ."

"ಯಾಕೆ?"

"ಗುರುತು ಸಿಗಬಾರದು ಅಂತ."

"ಹಾಗಾದ್ರೆ ಸಿಗಲ್ಲ ಬಿಡಿ" ಎಂದು ಅವನು ತಕ್ಕಡಿಯ ಕಡೆ ತಿರುಗಿದ.

ಅವನ ಹಿಂದೆ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಸ್ಕ್ರೂ ಬಿಚ್ಚುತ್ತಿದ್ದ ಹೆಂಗಸು ತಲೆಯೆತ್ತಿ ನನ್ನನ್ನೇ ನೋಡಿದಳು. "ಇವತ್ತು ಬಂದ ಡಬ್ಬಗಳ ಡಿಸ್ಕು ಆಗಲೇ ತೆಗೆದಿದ್ದೀನಿ. ಒಟ್ಟು ಹನ್ನೊಂದು. ಮಿಲ್ಲಿನ ಗಾಡಿ ಐದಕ್ಕೆ ಬರುತ್ತೆ."

ಗೋಡೆಯ ಗಡಿಯಾರದಲ್ಲಿ ನಾಲ್ಕೂ ಮುಕ್ಕಾಲು. ಹನ್ನೊಂದರಲ್ಲಿ ನಮ್ಮದು ಯಾವುದೆಂದು ಹೇಳುವವರಿಲ್ಲ. ಎಲ್ಲವನ್ನೂ ಕೊಳ್ಳುತ್ತೇನೆಂದೆ. ಜೇಬು ಖಾಲಿ ಮಾಡಿದರೂ ಸಾಲದೆ ಕೈಗಡಿಯಾರ ಬಿಚ್ಚಿಟ್ಟೆ. ಅವಳು ಡ್ರಿಲ್ ಮಷಿನ್ ತಂದಳು. ತೂತು ನಾನೇ ಹಾಕುತ್ತೇನೆಂದು ಕಿತ್ತುಕೊಂಡೆ. ಅದು ಡಿಸ್ಕಿನ ಮೇಲಿಂದ ಜಾರಿ ನನ್ನ ಚಪ್ಪಲಿಗೆ ತೂತು ಹಾಕಿತು. ಬೆರಳು ಉಳಿದದ್ದೇ ಪುಣ್ಯ. ಅವಳು ಮಷಿನ್ ವಾಪಸ್ ತೆಗೆದುಕೊಂಡು ಒಂದೊಂದು ಡಿಸ್ಕಿಗೂ ಮೂರು ಮೂರು ತೂತು ಕೊರೆದಳು.

"ಒಂದು ತೂತು ಸಾಲದೇನಮ್ಮ?"

"ನನಗೆ ಸಾಲಲ್ಲ."

ಹನ್ನೊಂದನೆಯದರ ತೂತಿನೊಳಗಿಂದ ಬೆಳಕು ಕಂಡಾಗ ಎದೆಯ ಮೇಲಿದ್ದ ಬಂಡೆ ಇಳಿಯಿತು. ಅಲ್ಲೇ ಒಂದು ತಗಡಿನ ಡಬ್ಬಿಯ ಮೇಲೆ ಕುಸಿದು ಕೂತು, ಜಾಮೀನು ಸಿಕ್ಕವನಂತೆ ನಕ್ಕೆ. ನಮ್ಮ ಗುಟ್ಟಿನ ಜೊತೆಗೆ ಇನ್ನೂ ಹತ್ತು ಮನೆಯವರ ಗುಟ್ಟನ್ನು ಕಾಪಾಡಿದ್ದೇನೆ. ಒಬ್ಬರೂ ಈವರೆಗೆ ಬಂದು ಒಂದು ಒಳ್ಳೆಯ ಮಾತು ಹೇಳಿಲ್ಲ.

ಉಸಿರು ಬಂದ ಕೂಡಲೇ ಭಾಷಣವೂ ಬಂತು. "ನಿನಗೆ ಗೊತ್ತಿಲ್ಲಮ್ಮ, ಇವತ್ತು ಇನ್ನೂರ ಆರು ಜನರ ಅನ್ನ ಉಳಿಸಿದೆ."

ಅವಳು ಮುಖದ ಬಟ್ಟೆ ಕೆಳಗೆಳೆದಳು.

"ಗೊತ್ತಿದೆ ಅಣ್ಣಾ. ಅದರಲ್ಲಿ ನೂರ ಎಂಟನೇ ಹೆಸರು ನನ್ನದೇ. ಸಂಬಳ ಬರಲ್ವಲ್ಲ, ರಜೆ ದಿನ ಇಲ್ಲಿ ದುಡೀತೀನಿ. ನಿಮ್ಮನೇಲೇ ಕೂತು ಹೇಳಿಕೆ ಕೊಟ್ಟಿದ್ದೆ, ನೀವೇ ಟೈಪ್ ಮಾಡಿದ್ರಿ."

ನನಗೆ ಕೆಮ್ಮು ಬಂತು.

"ನನ್ನ ಹೆಸರು ಮುಚ್ಚಿಡ್ತೀನಿ ಅಂದ್ರಿ, ಮುಖಾನೇ ಮರೆತುಬಿಟ್ರಿ. ಇರಲಿ. ಮುಂದಿನ ಸಲ ಡಬ್ಬ ಕೊಡೋ ಮೊದಲು ಹೇಳಿಕಳಿಸಿ. ಸ್ಕ್ರೂಡ್ರೈವರ್ ನಾನೇ ತರ್ತೀನಿ."

ಈಗ ನಿಮ್ಮನ್ನೇ ಕೇಳುತ್ತಿದ್ದೇನೆ. ನಿಮ್ಮ ಅಟ್ಟದ ಮೇಲಿನ ಹಳೇ ಕಂಪ್ಯೂಟರಿನಲ್ಲಿ ಯಾರ ಯಾರ ಬದುಕು ಕೂತಿದೆ? ಓದಿದ್ದು ಸಾಕು. ಎದ್ದು ಅದನ್ನು ಕೆಳಗಿಳಿಸಿ, ಡಿಸ್ಕು ಬಿಚ್ಚಿ ತೆಗೆಯಿರಿ.